ಬಡಮಕ್ಕಳ ಶಿಬಿರಕ್ಕೆ ಮೈಕ್ ಸೆಟ್ ಯಾಕೆ?

ಏಪ್ರಿಲ್ ಬಂತು ಅಂದ್ರೆ ನಮ್ಮ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಕಾಂಪೌಂಡಿಗೊಂದು ಬೇಸಿಗೆ ಶಿಬಿರದ ಫ್ಲೆಕ್ಸ್. ಈಜು, ಸ್ಕೇಟಿಂಗು, ರೋಬೊಟಿಕ್ಸು. ರಂಗಾಯಣದ ಚಿಣ್ಣರ ಮೇಳದ ಅರ್ಜಿಗೆ ಅಪ್ಪ ಅಮ್ಮಂದಿರು ಸಾಲು ನಿಲ್ತಾರೆ. ನಿಲ್ಲಲಿ, ನನ್ನ ಮಗನೂ ಅಲ್ಲೇ ಮುಖಕ್ಕೆ ಬಣ್ಣ ಬಳ್ಕೊಂಡು ಕುಣಿದವನು. ಆದ್ರೆ ಬೆಳಿಗ್ಗೆ ಬಿಟ್ಟು ಸಂಜೆ ಕರ್ಕೊಂಡು ಬರೋಕೆ ಮನೇಲಿ ಒಬ್ರಿಗಾದ್ರೂ ಬಿಡುವಿರಬೇಕಲ್ಲ? ಬೆಳಿಗ್ಗೆ ಆರಕ್ಕೇ ಅಮ್ಮ ಪೊರಕೆ ಹಿಡಿದು, ಅಪ್ಪ ಗಾರೆ ಕೆಲಸಕ್ಕೆ ಹೊರಡೋ ಮನೆಗಳಲ್ಲಿ ಅದು ಆಗದ ಮಾತು. ಅಂಥ ಮಕ್ಕಳಿಗೆ ಶಿಬಿರ ಮಾಡೋದಾದ್ರೆ ರಾತ್ರಿ ಉಳಿಯೋ ಶಿಬಿರವನ್ನೇ ಮಾಡಿ.

ಮಂಡ್ಯ ಕಡೆ ಹಳ್ಳಿಗಳಲ್ಲಂತೂ ರಜೆ ಅಂದ್ರೇ ಕೆಲಸ. ಆಲೆಮನೆ, ಕುರಿ, ಕಂಕುಳಲ್ಲಿ ತಮ್ಮ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದು 14 ವರ್ಷದೊಳಗಿನ ಮಕ್ಕಳನ್ನ ದುಡಿಸಬಾರದು ಅಂದವರೇ, ರಜೆಯಲ್ಲಿ ಮನೆಯವರ ಕಸುಬಿಗೆ ಕೈಜೋಡಿಸಬಹುದು ಅಂತ ಬಾಗಿಲು ಓರೆ ಮಾಡಿಟ್ರು.

ಪಾಂಡವಪುರದ ಹತ್ರ ಇಂಥದ್ದೊಂದು ಐದು ದಿನದ ಶಿಬಿರಕ್ಕೆ ನಾನೂ ಸ್ವಯಂಸೇವಕನಾಗಿ ಹೋಗಿದ್ದೆ. ನಡೆಸಿದವರ ಹೆಸರು ಬೇಡ, ಕೆಟ್ಟವರಲ್ಲ. ಆದ್ರೆ ಹನ್ನೊಂದಕ್ಕೆ ಬರಬೇಕಿದ್ದ ಅತಿಥಿ ಬಂದಿದ್ದು ಒಂದೂವರೆಗೆ. ಅಲ್ಲೀವರೆಗೂ ಮಕ್ಕಳು ಶಾಮಿಯಾನದಡಿ ಬೇಯ್ತಾ ಕೂತಿದ್ರು. ಬ್ಯಾಗ್ ಹಂಚುವಾಗ ಒಬ್ಬ ಹುಡುಗನ ಫೋಟೋ ಸರಿಯಾಗಿ ಬರಲಿಲ್ಲ ಅಂತ ಕೊಟ್ಟ ಬ್ಯಾಗನ್ನ ವಾಪಸ್ ಇಸ್ಕೊಂಡು ಮತ್ತೆ ಕೊಟ್ರು. ಎರಡನೇ ಸಲ ಕೈಚಾಚಬೇಕೋ ಬೇಡ್ವೋ ಗೊತ್ತಾಗದೆ ಅವನು ನನ್ನ ಮುಖ ನೋಡ್ದ. ನಾನೂ, ನಾಚಿಕೆಗೇಡು, ತಲೆ ಆಡಿಸಿದೆ.

ಆಮೇಲೆ ವ್ಯಕ್ತಿತ್ವ ವಿಕಸನ. ಹಲ್ಲುಜ್ಜಿ, ದುಶ್ಚಟ ಬಿಡಿ, ದೊಡ್ಡ ಕನಸು ಕಾಣಿ. ದುಡ್ಡು ಕಟ್ಟಿದ ಮಕ್ಕಳಿಗೆ ಆಟ, ಕಟ್ಟದವರಿಗೆ ಉಪದೇಶ. ಇದ್ಯಾವ ನ್ಯಾಯ ಸ್ವಾಮಿ?

ಎದುರಿಗೇ ಕುಂತಿಬೆಟ್ಟ. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಜಾಗ ಅಂತ ಈ ಊರಿಗೆ ಫ್ರೆಂಚ್ ರಾಕ್ಸ್ ಅಂತಲೇ ಹೆಸರಿತ್ತು. ಮೂರನೇ ದಿನ ಕಾಡಿಬೇಡಿ ಬೆಟ್ಟಕ್ಕೆ ಹೊರಡಿಸಿದ್ವಿ. ಭಾಷಣದುದ್ದಕ್ಕೂ ಆಕಳಿಸಿದ್ದ ಹುಡುಗ ಬರಿಗಾಲಲ್ಲಿ ಬಂಡೆ ಏರಿ, ಮೇಲಿಂದ ನನಗೇ ಕೈ ಕೊಟ್ಟ. "ಕಾಲು ಅಡ್ಡ ಇಕ್ಕಿ ಸಾ, ಜಾರಕಿಲ್ಲ." ನನ್ನ ಮಂಡಿ ನಡುಗ್ತಿತ್ತು, ಅವನು ನಗ್ತಿದ್ದ.

ಈಜೂ ಕಲಿಸಬೇಕು. ಕನ್ನಂಬಾಡಿ ಕಟ್ಟೆ ನೀರು ನಾಲೆಯಾಗಿ ಮನೆ ಪಕ್ಕದಲ್ಲೇ ಹರಿಯೋ ಜಿಲ್ಲೆ ಇದು. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಹೋದ್ರು, ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ರು. ಬಸ್ಸಿನೊಳಗೆ ಸಿಕ್ಕಿಕೊಂಡವರಿಗೆ ಈಜು ಬಂದು ಏನುಪಯೋಗ ಅಂತೀರಿ, ಒಪ್ಪಿದೆ. ಬಟ್ಟೆ ಒಗೆಯೋಕೆ, ದನ ಮೈತೊಳೆಯೋಕೆ ಅಂತ ನಾಲೆಗಿಳಿಯೋ ಮಕ್ಕಳಿಗೆ? ಹೆಣ್ಮಕ್ಕಳಿಗಂತೂ ಈಜು ಕಲಿಸೋರೇ ಇಲ್ಲ.

"ರಾತ್ರಿ ಎಲ್ಲಿ ಮನಗುಸ್ತೀರಿ ಸಾ? ಯೆಂಗಸ್ರು ಯಾರವ್ರೆ ಜೊತೇಲಿ?" ಅಂತ ಮೂರು ಸಲ ಕೇಳಿ ಒಬ್ಬ ತಾಯಿ ಮಗಳನ್ನ ಕಳಿಸಿದ್ರು. ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ನೆಟ್ಟಗೆ ಉತ್ತರ ಕೊಡೋಕಾಗದವರು ಶಿಬಿರ ಮಾಡಲೇಬಾರದು. ಆ ಹುಡುಗಿ ಏಳನೇ ಕ್ಲಾಸು. ಮೊದಲನೇ ದಿನ ಬೆಳಿಗ್ಗೆ ಐದಕ್ಕೇ ಎದ್ದು, ಚಾಪೆ ಸುತ್ತಿಟ್ಟು, ಅಡುಗೆಮನೆಗೆ ಬಂದು ಪೊರಕೆ ಎತ್ಕೊಂಡಿದ್ಲು. ಅಡುಗೆಯಮ್ಮ "ಇನ್ನೂ ವತ್ತುಟ್ಟಿಲ್ಲ, ಮನಿಕೋ ಹೋಗವ್ವ" ಅಂದ್ರು. ಹೋಗಲಿಲ್ಲ. ಬಾಗಿಲಲ್ಲೇ ನಿಂತಿದ್ಲು, ಕೆಲಸ ಇಲ್ಲದ ಕೈಗಳನ್ನ ಎಲ್ಲಿಡೋದು ಅಂತ ತಿಳೀದೆ.

ನಾಲ್ಕನೇ ದಿನ ಉಪ್ಪಿಟ್ಟು ಖಾಲಿಯಾಗ್ತಾ ಬಂದ್ರೂ ಅವಳ ಸುಳಿವಿಲ್ಲ. ನೋಡ್ಕೊಂಡು ಬರೋಕೆ ಹೋದ ಅಡುಗೆಯಮ್ಮ ಎಬ್ಬಿಸದೆ ವಾಪಸ್ ಬಂದು, ಒಂದು ತಟ್ಟೆ ತೆಗೆದು ಮುಚ್ಚಿಟ್ರು. ಗಂಟೆ ಎಂಟೂ ಕಾಲು.