ಖರ್ಚು ಯಾರ ತಲೆಗೆ ಬೀಳುತ್ತದೆ?

ಗ್ರಾಹಕರು ಜಾಗೃತರಾದರೆ ಸಾಕು, ಕಂಪನಿಗಳು ತಾವಾಗಿಯೇ ಪರಿಸರಸ್ನೇಹಿಯಾಗುತ್ತವೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜರ್ಮನಿ 1991ರಲ್ಲಿ ಪ್ಯಾಕೇಜಿಂಗ್ ತ್ಯಾಜ್ಯದ ಹೊಣೆಯನ್ನು ತಯಾರಕರು ಮತ್ತು ಮಾರಾಟಗಾರರ ಹೆಗಲಿಗೇರಿಸಿತು. ಹೊರಗಿನ ಅನಗತ್ಯ ರಟ್ಟು, ಪ್ಲಾಸ್ಟಿಕ್ ಹೊದಿಕೆಯನ್ನು ಗ್ರಾಹಕರು ಅಂಗಡಿಯಲ್ಲೇ ಬಿಚ್ಚಿಟ್ಟು ಬರಬಹುದಾಯಿತು. ಆ ರಾಶಿಯ ವಿಲೇವಾರಿ ಖರ್ಚು ತಮ್ಮ ಮೇಲೆ ಬಿದ್ದದ್ದೇ ತಡ, ಟೂತ್‌ಪೇಸ್ಟ್ ಟ್ಯೂಬಿಗೆ ಮತ್ತೊಂದು ರಟ್ಟಿನ ಡಬ್ಬಿ ಏಕೆ ಎಂಬ ಪ್ರಶ್ನೆ ವ್ಯಾಪಾರಿಗಳಿಗೂ ತಯಾರಕರಿಗೂ ಹುಟ್ಟಿತು. ಅದು ಅಲ್ಲಿಯವರೆಗೆ ಯಾರಿಗೂ ಹೊಳೆಯದ ಪ್ರಶ್ನೆಯೇನಲ್ಲ. ಕೇಳಿಕೊಳ್ಳುವ ಅಗತ್ಯವಿರಲಿಲ್ಲ, ಅಷ್ಟೆ.

ಇನ್ನೊಂದು ಮಾತು. ನಿಯಮ ಎಲ್ಲರಿಗೂ ಒಂದೇ ಆದಾಗ ಪ್ರಾಮಾಣಿಕ ಉದ್ಯಮಿಗೂ ಉಳಿಗಾಲವಿರುತ್ತದೆ. ತ್ಯಾಜ್ಯನೀರನ್ನು ಶುದ್ಧೀಕರಿಸುವ ಕಾರ್ಖಾನೆಯು, ಅದನ್ನು ರಾತ್ರೋರಾತ್ರಿ ನದಿಗೆ ಬಿಡುವ ಪಕ್ಕದ ಕಾರ್ಖಾನೆಯೊಂದಿಗೆ ಬೆಲೆಯಲ್ಲಿ ಪೈಪೋಟಿ ನಡೆಸುವುದಾದರೂ ಹೇಗೆ? (ಇದೇ ಕಾರಣಕ್ಕೆ ಹೊಸ ಕಾನೂನಿಗಿಂತ ತಪಾಸಣೆಯ ಬಗ್ಗೆಯೇ ನನಗೆ ಹೆಚ್ಚು ಚಿಂತೆ.) ದಂಡದ ಮೊತ್ತ ಶುದ್ಧೀಕರಣದ ಖರ್ಚಿಗಿಂತ ಕಡಿಮೆಯಿದ್ದರೆ, ಅದು ಲೆಕ್ಕಪತ್ರದಲ್ಲಿ ಮಾಮೂಲಿ ವೆಚ್ಚವಾಗಿ ಕೂರುತ್ತದೆ.

ಸಣ್ಣ ಉದ್ಯಮಗಳಿಗೆ ಕಾಗದಪತ್ರದ ಹೊರೆ ಹೆಚ್ಚು ಎಂಬ ದೂರು ನಿಜ. ಅವರ ವರದಿಯ ನಮೂನೆ ಸರಳವಾಗಲಿ, ಯಂತ್ರೋಪಕರಣಕ್ಕೆ ಕಡಿಮೆ ಬಡ್ಡಿಯ ಸಾಲ ಸಿಗಲಿ. ಮಾಲಿನ್ಯದ ಮಿತಿಯಲ್ಲಿ ಮಾತ್ರ ರಿಯಾಯಿತಿ ಬೇಡ.