ಹಾಕರ್ ಸೆಂಟರ್‌ಗೆ ಒಮ್ಮೆ ಹೋಗಿ ನೋಡಿ

ಸಿಂಗಪುರದಲ್ಲಿ ಹೊರಗೆ ಉಂಡರೆ ಸಂಬಳ ಸಾಲದು ಎಂದು ಲೇಖನದಲ್ಲಿ ಬರೆದಿದ್ದೀರಿ. ಮಾಲ್‌ಗಳ ರೆಸ್ಟೋರೆಂಟ್ ಮಟ್ಟಿಗೆ ಅದು ನಿಜ. ಆದರೆ ಕಡಿಮೆ ಖರ್ಚಿನಲ್ಲಿ ಉಣ್ಣಬಹುದಾದ ಹಾಕರ್ ಸೆಂಟರ್‌ಗಳ ಮಾತೇ ಬರಲಿಲ್ಲವಲ್ಲ ಎಂದು ಬೇಸರವಾಯಿತು. ಬೀದಿ ಬದಿಯಲ್ಲಿ ತಿಂಡಿ, ಊಟ ಮಾರುತ್ತಿದ್ದ ಗಾಡಿಯವರಿಗೆ ಸರ್ಕಾರವೇ ನಲ್ಲಿ, ಚರಂಡಿ, ಸೂರು ಮಾಡಿಕೊಟ್ಟ ಜಾಗಗಳವು. ಆ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಬಂದ ಹೊಸತರಲ್ಲಿ ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್‌ನಲ್ಲಿ ಏನೆಂದು ಗೊತ್ತಿಲ್ಲದೆ ‘ಪುಟು ಮಾಯಂ’ ತಗೊಂಡೆ. ಪೊಟ್ಟಣ ಬಿಚ್ಚಿದರೆ ನಮ್ಮ ಒತ್ತು ಶಾವಿಗೆ! ಮೇಲೆ ಹಸಿ ತೆಂಗಿನತುರಿ, ಕಿತ್ತಳೆ ಬಣ್ಣದ ಸಕ್ಕರೆ. ಊರು ಬಿಟ್ಟು ಬಂದ ಸಂಕಟ ಅವತ್ತು ಅರ್ಧ ಇಳಿಯಿತು.

ಸಸ್ಯಾಹಾರಿಗಳು ಮಾತ್ರ ಕೇಳಿಯೇ ತಗೊಳ್ಳಿ. ತರಕಾರಿ ನೂಡಲ್ಸ್ ಅಂದರೂ ಒಣ ಸಿಗಡಿಯೋ ಹಂದಿಕೊಬ್ಬೋ ಇರಬಹುದು. ಬೌದ್ಧ ಸಸ್ಯಾಹಾರಿ ಅಂಗಡಿಗಳಲ್ಲಿ ಆ ಚಿಂತೆಯಿಲ್ಲ, ಎಷ್ಟೋ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಬರೀ ‘ಕೋಪಿ’ ಅಂದರೆ ಕಂಡೆನ್ಸ್ಡ್ ಹಾಲಿನ ಸಿಹಿ ಕಾಫಿ ಬರುತ್ತದೆ. ಸಿಹಿ ಕಡಿಮೆ ಬೇಕಿದ್ದರೆ ‘ಸಿಯು ದಾಯ್’ ಅನ್ನಿ. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಆ ಜಾಗ ಯಾರೋ ಹಿಡಿದಿದ್ದಾರೆಂದು ಅರ್ಥ. ಉಂಡ ತಟ್ಟೆ ನಾವೇ ಎತ್ತಿಡಬೇಕು, 2021ರಿಂದ ಅದು ಕಡ್ಡಾಯ.