ಬೀಗ ನನ್ನದು, ಬಾಯಿ ಭಾವನದು

ಅಂಚೆಚೀಟಿ ಸಂಗ್ರಹಿಸುವವರನ್ನು ಯಾರೂ "ಹಾಗಾದ್ರೆ ನಮ್ಮ ಕಾಗದಾನೂ ಕದೀತೀರಾ?" ಅಂತ ಕೇಳುವುದಿಲ್ಲ. ಹಕ್ಕಿ ನೋಡಲು ಬೈನಾಕ್ಯುಲರ್ ಹಿಡಿದು ಹೊರಟವರನ್ನು ಕಂಡು ಯಾರೂ ಮನೆಯ ಗಿಳಿಯನ್ನು ಒಳಗೆ ಕೊಂಡೊಯ್ಯುವುದಿಲ್ಲ. ನಾನು ಮಾತ್ರ, ನನ್ನ ದುಡ್ಡು ಕೊಟ್ಟು ತಂದ ನನ್ನದೇ ಬೀಗವನ್ನು ಬಿಡುವಿನ ಹೊತ್ತಿನಲ್ಲಿ ಕೀ ಇಲ್ಲದೆ ತೆರೆಯೋಣ ಅಂತ ಕೂತರೆ, ಮನೆಗೆ ಬಂದವರೆಲ್ಲ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಲಾಕ್‌ಪಿಕಿಂಗ್ ಎಂಬ ಈ ಹವ್ಯಾಸಕ್ಕೆ ಜಗತ್ತಿನಲ್ಲಿ ಸಂಘಗಳಿವೆ, ಸ್ಪರ್ಧೆಗಳಿವೆ. ಜರ್ಮನಿಯಲ್ಲಿ 1997ರಲ್ಲೇ ಇದಕ್ಕೊಂದು ಕ್ಲಬ್ ಹುಟ್ಟಿಕೊಂಡಿದೆ. ಅದನ್ನೆಲ್ಲ ಹೇಳಿದರೆ "ಓಹೋ, ಸಂಘಾನೂ ಮಾಡ್ಕೊಂಡಿದ್ದಾರಾ!" ಅಂತ ಇನ್ನೊಂದು ಜೇಬು ಮುಟ್ಟಿಕೊಳ್ಳುತ್ತಾರೆ.

ಈ ಜೇಬು ಮುಟ್ಟುವವರಲ್ಲಿ ನಮ್ಮ ಭಾವನಿಗೆ ಮೊದಲ ಸ್ಥಾನ. ಅಕ್ಕನ ಗಂಡ. ಒಳ್ಳೆಯ ಮನುಷ್ಯ, ಕಷ್ಟಕ್ಕಾಗುವವರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗಲಿಕ್ಕಿಲ್ಲ. ಹೊಸಬರು ಯಾರೇ ಬರಲಿ, ಭಾವ ನನ್ನ ಪರಿಚಯ ಮಾಡಿಕೊಡುವುದು ಹೀಗೆ: "ಇವನು ನನ್ನ ಭಾಮೈದ. ಹಗಲು ಆಫೀಸು, ರಾತ್ರಿ ಬೀಗ." ಹೇಳಿ, ನಗುವಿಗಾಗಿ ಕಾಯುತ್ತಾರೆ. ನಗು ಬರದಿದ್ದರೆ ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಗಟ್ಟಿಯಾಗಿ ಹೇಳುತ್ತಾರೆ. ಮೊನ್ನೆ ಭಾನುವಾರ ಅವರ ಜೊತೆ ಬಂದಿದ್ದ ಸ್ನೇಹಿತರೊಬ್ಬರು ನಗಲಿಲ್ಲ. ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಬ್ಯಾಗನ್ನು ಸದ್ದಿಲ್ಲದೆ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಹೊರಡುವ ತನಕ ಅದು ತೊಡೆಯಿಂದ ಇಳಿಯಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್‌ಗೂ ಇದೇ ಗತಿಯಾಗಿತ್ತಂತೆ, ಅವರೇ ಹೇಳಿಕೊಂಡಿದ್ದಾರೆ. ರಹಸ್ಯ ಕಾಗದಗಳ ತಿಜೋರಿಯನ್ನು ಕೆಲಸದ ಹೊತ್ತಿನಲ್ಲಿ ತೆರೆದಿಟ್ಟರೆ ಅದರ ಗುಪ್ತ ಸಂಖ್ಯೆ ಕಂಡುಹಿಡಿಯುವುದು ಸುಲಭ, ಮುಚ್ಚಿಡಿ ಅಂತ ಅವರು ಒಬ್ಬ ಕರ್ನಲ್‌ಗೆ ಮಾಡಿಯೇ ತೋರಿಸಿದರು. ಕರ್ನಲ್ ಸಾಹೇಬರು ತಿಜೋರಿಗಳ ಗೊಡವೆಗೆ ಹೋಗಲಿಲ್ಲ. ಫೈನ್‌ಮನ್ ಯಾರ ಯಾರ ಕೋಣೆಯ ಹತ್ತಿರ ಸುಳಿದಿದ್ದರು ಅಂತ ವಿಚಾರಿಸಿ, ಅಷ್ಟು ಜನರಿಗೂ ನಂಬರ್ ಬದಲಾಯಿಸಲು ಹೇಳಿದರು. ಆ ಕರ್ನಲ್ ನಮ್ಮ ಭಾವನ ಪೈಕಿಯವರೇ ಇರಬೇಕು.

ಈ ಹವ್ಯಾಸಕ್ಕೆ ಎರಡು ಕಟ್ಟುನಿಟ್ಟಿನ ನಿಯಮಗಳಿವೆ. ನಿಮ್ಮದಲ್ಲದ ಬೀಗವನ್ನು, ಅದರ ಯಜಮಾನರು ಬಾಯಿಬಿಟ್ಟು ಒಪ್ಪಿಗೆ ಕೊಡದೆ, ಮುಟ್ಟಬಾರದು. ಬಳಕೆಯಲ್ಲಿರುವ ಬೀಗವನ್ನು, ನಿಮ್ಮದೇ ಆದರೂ, ಮುಟ್ಟಬಾರದು. ಮೊದಲನೆಯದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ, ಎರಡನೆಯದಕ್ಕೆ ಹುಬ್ಬೇರಿಸುತ್ತಾರೆ. ಬೀಗದೊಳಗಿನ ಪಿನ್ನು, ಸ್ಪ್ರಿಂಗು ಬಹಳ ಸಣ್ಣವು. ಕಲಿಯುವವನ ಕೈಗೆ ಸಿಕ್ಕಿ ಒಂದು ಸೊಟ್ಟಗಾದರೂ ಆಮೇಲೆ ಅಸಲಿ ಕೀ ಹಾಕಿದರೂ ಬಾಗಿಲು ತೆರೆಯದೇ ಹೋಗಬಹುದು. ಆಗ ಮನೆಯವರೆಲ್ಲ ಅರ್ಧರಾತ್ರಿಯಲ್ಲಿ ಹೊರಗೆ ನಿಂತು ನಿಮ್ಮ ಹವ್ಯಾಸದ ಬಗ್ಗೆ ತಮ್ಮ ಪ್ರಾಮಾಣಿಕ ಅಭಿಪ್ರಾಯ ಹೇಳುತ್ತಾರೆ. ಬಾಡಿಗೆ ಮನೆಯಾದರಂತೂ ಆ ಬೀಗ ಮಾಲೀಕರದು, ಎರಡೂ ನಿಯಮಗಳು ಒಂದೇ ಏಟಿಗೆ ಮುರಿದುಬೀಳುತ್ತವೆ. ಕಾನೂನೂ ಎಲ್ಲ ಕಡೆ ಒಂದೇ ಅಲ್ಲ. ಜಪಾನಿನ 2003ರ ಕಾನೂನಿನ ಪ್ರಕಾರ ಸರಿಯಾದ ಕಾರಣವಿಲ್ಲದೆ ಈ ಸಲಕರಣೆಗಳನ್ನು ಇಟ್ಟುಕೊಂಡಿರುವುದೇ ಅಪರಾಧ. ತಾವಿರುವ ಕಡೆ ಏನಿದೆ ಅಂತ ಮೊದಲು ವಿಚಾರಿಸಿಕೊಳ್ಳಬೇಕು. ಅಡ್ಡಿಯಿಲ್ಲ ಅಂತಾದರೂ ಸಾಮಾನು ಮನೆಯ ಡ್ರಾಯರಿನಲ್ಲಿರುವುದೇ ಕ್ಷೇಮ. ಬೀಗ ಹಾಕಿದ ಡ್ರಾಯರು, ಅದನ್ನು ಬೇರೆ ಹೇಳಬೇಕಾಗಿಲ್ಲ.

ಒಪ್ಪಿಗೆಯ ವಿಷಯದಲ್ಲಿ ಭಾವ ಬಲು ಧಾರಾಳಿ. "ನಾನು ಪರ್ಮಿಷನ್ ಕೊಡ್ತೀನಿ, ನೀನು ತೆಗಿ" ಅನ್ನುತ್ತಾರೆ. ಯಾವುದಪ್ಪಾ ಅಂತ ನೋಡಿದರೆ ಪಕ್ಕದ ಮನೆಯವರ ಗೇಟಿನ ಬೀಗ, ಅಪಾರ್ಟ್‌ಮೆಂಟಿನ ಟೆರೇಸಿನ ಬೀಗ, ಒಮ್ಮೆ ಅವರ ಆಫೀಸಿನ ಮೀಟಿಂಗ್ ರೂಮಿನ ಬೀಗ. ಅವರು ಹಕ್ಕಿನಿಂದ ಒಪ್ಪಿಗೆ ಕೊಡಬಹುದಾದದ್ದು ಅವರ ಸೂಟ್‌ಕೇಸಿನದು ಒಂದೇ. ಅದರ ಕಥೆ ಆಮೇಲೆ.

ಇಷ್ಟಕ್ಕೂ ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ. ನಾವು ದಿನಾ ಹಾಕಿ ತೆಗೆಯುವ ಬೀಗಗಳಲ್ಲಿ ಬಹಳಷ್ಟು ಪಿನ್ ಟಂಬ್ಲರ್ ಜಾತಿಯವು. ಈಜಿಪ್ಟಿನವರು ಸಾವಿರಾರು ವರ್ಷಗಳ ಹಿಂದೆ ಮರದಲ್ಲಿ ಮಾಡಿಕೊಂಡಿದ್ದ ಉಪಾಯವನ್ನೇ ಅಮೆರಿಕದ ಲೈನಸ್ ಯೇಲ್ ಮತ್ತು ಅವರ ಮಗ ಲೈನಸ್ ಯೇಲ್ (ಆ ಮನೆಗೆ ಕಾಗದ ಬಂದರೆ ಯಾರು ಒಡೆದು ಓದುತ್ತಿದ್ದರೋ) ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಲೋಹಕ್ಕಿಳಿಸಿದರು. ಮಗರಾಯ 1860ರ ದಶಕದಲ್ಲಿ ರೂಢಿಗೆ ತಂದ ಚಪ್ಪಟೆ ಕೀಯೇ ಈಗಲೂ ನಮ್ಮ ಜೇಬಿನಲ್ಲಿರುವುದು. ಒಳಗೆ ತಿರುಗುವ ಒಂದು ಉರುಟು ಪ್ಲಗ್, ಅದನ್ನು ತಡೆದು ನಿಂತ ಐದಾರು ಜೋಡಿ ಪಿನ್ನುಗಳು, ಅವುಗಳ ತಲೆಯ ಮೇಲೆ ಸ್ಪ್ರಿಂಗುಗಳು. ಸರಿಯಾದ ಕೀ ಹಾಕಿದರೆ ಪ್ರತಿ ಜೋಡಿಯ ನಡುವಿನ ಸಂದು ಪ್ಲಗ್ಗಿನ ಅಂಚಿಗೇ ಬಂದು ನಿಲ್ಲುತ್ತದೆ, ಪ್ಲಗ್ ತಿರುಗುತ್ತದೆ. ಆದರೆ ಅಷ್ಟೂ ರಂಧ್ರಗಳನ್ನು ಒಂದೇ ನೇರಕ್ಕೆ ಕೊರೆಯಲು ಯಾವ ಕಾರ್ಖಾನೆಗೂ ಆಗಿಲ್ಲ, ಕೂದಲೆಳೆಯಷ್ಟು ಆಚೀಚೆ ಆಗಿಯೇ ಆಗುತ್ತದೆ. ಹಾಗಾಗಿ ಪ್ಲಗ್ಗನ್ನು ತುಸು ತಿರುಚಿ ಹಿಡಿದರೆ ಎಲ್ಲ ಪಿನ್ನುಗಳೂ ಒಟ್ಟಿಗೆ ಬಿಗಿಯುವುದಿಲ್ಲ, ಯಾವುದೋ ಒಂದು ಮೊದಲು ಬಿಗಿಯುತ್ತದೆ. ಅದನ್ನು ತಡಕಿ ಹುಡುಕಿ ಮೆಲ್ಲಗೆ ಎತ್ತಿದರೆ 'ಟಿಕ್'. ಆಮೇಲೆ ಇನ್ನೊಂದು. ಇಡೀ ವಿದ್ಯೆ ನಿಂತಿರುವುದು ಆ ಕೂದಲೆಳೆಯ ಮೇಲೆ.

ಬೇಕಾಗುವುದು ತುದಿ ಬಾಗಿದ ಒಂದು ಹುಕ್, ಪ್ಲಗ್ ತಿರುಚಿ ಹಿಡಿಯಲು ಒಂದೆರಡು ಟೆನ್ಶನ್ ರೆಂಚ್, ಎಲ್ಲಿಗೂ ಹಾಕಿರದ ಒಂದು ಅಗ್ಗದ ಬೀಗ. ಮಾರುವವರು ತೋರಿಸುವುದು ಮಾತ್ರ ಜಿಪ್ಪಿನ ಚೀಲದಲ್ಲಿ ಸಾಲಾಗಿ ಜೋಡಿಸಿದ ಮೂವತ್ತು ತುಂಡುಗಳ ಸೆಟ್ಟು. ಅದರಲ್ಲಿ ಮುಕ್ಕಾಲು ಪಾಲು ಚೀಲದಿಂದ ಹೊರಬರುವುದೇ ಇಲ್ಲ, ಮನೆಗೆ ಬಂದವರನ್ನು ಹೆದರಿಸಲು ಮಾತ್ರ ಉಪಯೋಗ. ಒಳಗಿನದೆಲ್ಲ ಕಾಣುವ ಪಾರದರ್ಶಕ ಬೀಗವನ್ನೂ ಕೊಡುತ್ತಾರೆ. ಅದರಲ್ಲಿ ಕಣ್ಣು ಕಲಿಯುತ್ತದೆ, ಬೆರಳು ಕಲಿಯುವುದಿಲ್ಲ. ಕಲಿಯಬೇಕಾದದ್ದು ಬೆರಳು. ಮಲಗಿದ ಮಗುವಿನ ರೆಪ್ಪೆ ಸವರುವಷ್ಟು ಹಗುರವಾಗಿ ರೆಂಚ್ ಒತ್ತಬೇಕು, ನಮ್ಮ ಕೈಗೋ ಸಾಸಿವೆಯಷ್ಟೂ ನಂಬಿಕೆಯಿಲ್ಲ, ಬಲ ಹಾಕದೆ ಕೆಲಸವಾಗುತ್ತದೆ ಅಂದರೆ ಅದು ಒಪ್ಪುವುದೇ ಇಲ್ಲ.

ಬ್ಯಾಗು ತೊಡೆಗೇರಿದ ಆ ಭಾನುವಾರವೇ ಭಾವನ ಕಣ್ಣು ಮೇಜಿನ ಮೇಲಿದ್ದ ಹೊಸ ಬೀಗದ ಮೇಲೆ ಬಿತ್ತು. "ತೆಗಿ ನೋಡೋಣ, ಟೈಮ್ ಹಾಕ್ತೀನಿ" ಅಂತ ಎದುರಿಗೆ ಕೂತು ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿಯೇಬಿಟ್ಟರು. ನಾನಿನ್ನೂ ಹುಕ್ ಎತ್ತಿಕೊಂಡಿರಲಿಲ್ಲ.

"ಹದಿನೈದು ಸೆಕೆಂಡ್."

"ಭಾವ, ಸ್ವಲ್ಪ ತಡೀರಿ."

"ನಾನು ತಡೀತೀನಿ ಕಣಯ್ಯಾ, ಟೈಮ್ ತಡೀಬೇಕಲ್ಲ. ಮೂವತ್ತು."

ಮೊದಲನೇ ಪಿನ್ನು ಸಡಿಲ, ಸ್ಪ್ರಿಂಗಿನ ಮೇಲೆ ತೇಲುತ್ತಿತ್ತು. ಎರಡನೆಯದೂ ಹಾಗೇ. ಮೂರನೆಯದು ಗಟ್ಟಿ. ಉಸಿರು ಬಿಗಿಹಿಡಿದು ಎತ್ತಿದೆ. 'ಟಿಕ್' ಅನ್ನುವುದೂ, ಭಾವ "ಏನೋ ಸೌಂಡ್ ಬಂತು ಕಣೋ!" ಅಂತ ಸಂಭ್ರಮದಲ್ಲಿ ನನ್ನ ಬೆನ್ನಿಗೆ ಬಾರಿಸುವುದೂ ಒಟ್ಟಿಗೇ ಆಯಿತು. ರೆಂಚ್ ಜಾರಿತು, ಎತ್ತಿದ ಪಿನ್ನು ಪಟ್ಟನೆ ಕೆಳಗೆ ಬಿತ್ತು. "ಮತ್ತೆ ಏನೋ ಸೌಂಡ್ ಬಂತು" ಅಂದರು ಭಾವ, ಈ ಸಲ ಇನ್ನೂ ಖುಷಿಯಾಗಿ. ಮತ್ತೆ ಶುರು. ಈ ಬಾರಿ ಪ್ಲಗ್ ಕಣ್ಣಿಗೆ ಕಾಣುವಷ್ಟು ತಿರುಗಿ ಗಕ್ಕನೆ ನಿಂತಿತು. "ತೆರೀತು, ತೆರೀತು!" ಅಂತ ಸ್ಟಾಪ್‌ವಾಚ್ ನಿಲ್ಲಿಸಿದರು. ಇದು ತೆರೆದಿದ್ದಲ್ಲ, ಒಳಗೆ ಸೊಂಟ ಸಣ್ಣಗಿರುವ ಸ್ಪೂಲ್ ಪಿನ್ ಇದೆ, ಅದು ಹೀಗೆ ಅರ್ಧ ತಿರುಗಿಸಿ ಮೋಸ ಮಾಡುತ್ತದೆ, ಈಗ ಒತ್ತಡ ಸಡಿಲಿಸಿ ಪ್ಲಗ್ಗನ್ನು ಹಿಂದಕ್ಕೆ ಹೋಗಲು ಬಿಡಬೇಕು ಅಂತ ವಿವರಿಸಿದೆ. ಭಾವ ನನ್ನ ಮುಖವನ್ನೇ ನೋಡಿ ಸ್ಟಾಪ್‌ವಾಚನ್ನು ಮತ್ತೆ ಒತ್ತಿದರು. "ಸಿನಿಮಾದಲ್ಲಿ ಹೇರ್‌ಪಿನ್ ಹಾಕಿ ಹಿಂಗಂದ್ರೆ ಹಂಗೆ ತೆಗೀತಾರಪ್ಪ."

ಆಗ ನನಗೆ ಹಾಬ್ಸ್ ಕಥೆ ಹೇಳದೆ ಗತ್ಯಂತರವಿರಲಿಲ್ಲ. ಲಂಡನ್ನಿನ ಜೋಸೆಫ್ ಬ್ರಾಮಾ ಅನ್ನುವವರು 1790ರಲ್ಲಿ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವಿಟ್ಟು, ತೆಗೆದವರಿಗೆ 200 ಗಿನಿ (ಆಗಿನ ಚಿನ್ನದ ನಾಣ್ಯ) ಕೊಡುತ್ತೇನೆ ಅಂತ ಸವಾಲು ಹಾಕಿದರು. ಅರುವತ್ತು ವರ್ಷ ಯಾರ ಕೈಗೂ ಅದು ಬಗ್ಗಲಿಲ್ಲ. 1851ರ ಮಹಾ ವಸ್ತುಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಅದರ ಮುಂದೆ ಕೂತು, 16 ದಿನಗಳಲ್ಲಿ ಹರಡಿಕೊಂಡ 51 ಗಂಟೆ ಕೆಲಸ ಮಾಡಿ ತೆರೆದರು. "ಐವತ್ತೊಂದು ಗಂಟೆ ಭಾವ!" ಅಂದೆ.

ಭಾವ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಅವನಿಗೆ ಮನೇಲಿ ಹೇಳೋರು ಕೇಳೋರು ಯಾರೂ ಇರ್ಲಿಲ್ವಾ?"

ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗಳು ಪಾರದರ್ಶಕ ಬೀಗವನ್ನು ಎತ್ತಿಕೊಂಡು, ಒಂದು ಕೈಯಲ್ಲಿ ರೆಂಚ್ ಒತ್ತಿ ಹಿಡಿದು, ಅಲೆಅಲೆ ಹಲ್ಲಿನ ರೇಕ್ ಒಂದನ್ನು ತೂರಿಸಿ, ಹಲ್ಲುಜ್ಜುವ ವೇಗದಲ್ಲಿ ಹಿಂದೆ ಮುಂದೆ ಆಡಿಸಿದಳು. ಕಟಕ್ ಅಂತ ತೆರೆದುಕೊಂಡಿತು. ಅದು ಅಭ್ಯಾಸದ ಬೀಗ, ಅದರಲ್ಲಿ ಸ್ಪೂಲ್ ಪಿನ್ ಇಲ್ಲ, ರೇಕ್ ಆಡಿಸಿದರೆ ಎಂಥವರಿಗೂ ಅದೃಷ್ಟ ಒಲಿಯುತ್ತದೆ ಅಂತ ಹೇಳಲು ಬಾಯಿ ತೆರೆದೆ. ಕೇಳುವವರು ಯಾರು? ಭಾವ ಮಗಳನ್ನು ಎತ್ತಿಕೊಂಡು ಮನೆಯೆಲ್ಲ ಸುತ್ತಿದರು. "ಮಗು ಕೈಲಿ ಆಗತ್ತೆ, ಇವನ ಕೈಲಾಗಲ್ಲ!" ಕಳ್ಳನ ಪಟ್ಟದಿಂದ ದಡ್ಡನ ಪಟ್ಟಕ್ಕೆ ಬಡ್ತಿ ಸಿಕ್ಕಿತು. ನಿಜ ಹೇಳಬೇಕೆಂದರೆ ಕಳ್ಳನೇ ವಾಸಿಯಿತ್ತು, ಅದರಲ್ಲಿ ಸ್ವಲ್ಪ ಮರ್ಯಾದೆಯಾದರೂ ಇತ್ತು.

ಅವರೆಲ್ಲ ಹೊರಟ ಮೇಲೆ ನನ್ನ ಬೀಗ ತಂತಾನೇ ಎಂಬಂತೆ ತೆರೆಯಿತು. ಹೆಂಡತಿಯನ್ನು ಕೂಗಿದೆ. ಬಂದು ನೋಡಿ, "ಎಲ್ಲಿ, ಮುಚ್ಚಿ ಮತ್ತೆ ತೆಗೀರಿ" ಅಂದಳು. ಮುಂದಿನದನ್ನು ಬರೆಯುವುದಿಲ್ಲ.

ಈ ಹವ್ಯಾಸದ ಸುದ್ದಿ ಹರಡಿದ ಮೇಲೆ ನೆಂಟರಿಷ್ಟರು ಕೀ ಕಳೆದ ಹಳೆಯ ಬೀಗಗಳನ್ನು ತಂದು ಕೊಡುತ್ತಿದ್ದಾರೆ. ಕೀ ಇಲ್ಲದ ಬೀಗ, ಬೀಗ ಇಲ್ಲದ ಕೀ, ಎರಡನ್ನೂ ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಎಲ್ಲರ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇರುತ್ತದೆ. ಅಮ್ಮ ಕೊಟ್ಟಿದ್ದು ನಾವು ಬಿಟ್ಟುಬಂದ ಹಳೆಯ ಮನೆಯ ಬಾಗಿಲಿನ ಬೀಗ. ಆ ಬಾಗಿಲು ಈಗಿಲ್ಲ. ಬೀಗ ನಮ್ಮದೇ, ಬಳಕೆಯಲ್ಲಿಲ್ಲ, ಅಮ್ಮನ ಒಪ್ಪಿಗೆಯೂ ಇದೆ. ಯಾವ ನಿಯಮವೂ ಅಡ್ಡ ಬರುವುದಿಲ್ಲ. ಆದರೂ ಯಾಕೋ ಅದಕ್ಕಿನ್ನೂ ಹುಕ್ ಹಾಕಿಲ್ಲ.

ಇನ್ನು ಸೂಟ್‌ಕೇಸು. ನಿನ್ನೆ ರಾತ್ರಿ ಭಾವನ ಫೋನು, ದನಿಯಲ್ಲಿ ಎಂದೂ ಇಲ್ಲದ ವಿನಯ. ಮೂರು ಅಂಕಿಯ ನಂಬರ್ ಲಾಕು, ನಂಬರ್ ಮರೆತುಹೋಗಿದೆ, ಬೆಳಗ್ಗೆ ಪ್ರಯಾಣ.

"ಸೂಟ್‌ಕೇಸು ನಿಮ್ಮದೇ ತಾನೇ ಭಾವ?"

"ನಂದೇ ಕಣಯ್ಯಾ!"

"ಬಳಕೆಯಲ್ಲಿದೆಯಾ?"

"ತೆಗೆಯಕ್ಕೇ ಬರ್ತಿಲ್ಲ, ಬಳಸೋದು ಎಲ್ಲಿಂದ?"

ನಿಯಮಕ್ಕೆ ಸರಿಹೋಯಿತು. 000ಯಿಂದ 999ರವರೆಗೆ ಒಟ್ಟು 1000 ನಂಬರು, ಒಂದಕ್ಕೆ ಎರಡು ಸೆಕೆಂಡ್ ಹಿಡಿದರೂ 33 ನಿಮಿಷ 20 ಸೆಕೆಂಡ್ ಸಾಕು, ಯಾವ ಸಲಕರಣೆಯೂ ಬೇಡ, ಸೊನ್ನೆಯಿಂದ ಶುರುಮಾಡಿ ಒಂದೂ ಬಿಡದೆ ತಿರುಗಿಸುತ್ತಾ ಹೋಗಿ ಅಂದೆ. ಟೈಮ್ ಹಾಕಿಕೊಳ್ಳುವುದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಇನ್ನೂರಕ್ಕೊಮ್ಮೆ, ಐನೂರಕ್ಕೊಮ್ಮೆ ಫೋನ್ ಮಾಡಿ ವರದಿ ಒಪ್ಪಿಸಿದರು. ಕೊನೆಗೆ ಹನ್ನೊಂದರ ಸುಮಾರಿಗೆ ಮತ್ತೆ ಫೋನು.

"999 ಮುಗೀತು. ತೆರೀಲಿಲ್ಲ. ನಿನ್ನ ವಿದ್ಯೆ ಇಷ್ಟೇನೇ."

"ಒಂದೊಂದು ನಂಬರಿಗೂ ಪಕ್ಕದ ಗುಂಡಿ ಒತ್ತಿ ನೋಡಿದ್ರಿ ತಾನೇ?"

"ಗುಂಡಿ ಬೇರೆ ಒತ್ತಬೇಕಿತ್ತಾ?" ಅಂದರು ಭಾವ.